ಮಹದೇವಿ ಮಾಡಿದ ಇನ್ಸುಲಿನ್ ಮಾದರಿ

ಆ ಮಾದರಿಯನ್ನು ಮಾಡಿದವಳು ನಾನಲ್ಲ. ಕೊಳ್ಳೇಗಾಲದ ತರಬೇತಿಯಲ್ಲಿ ಅಧ್ಯಾಪಕರೆಲ್ಲ ಚಪ್ಪಾಳೆ ತಟ್ಟಿದ್ದು, ನಮ್ಮ ಕಾಲೇಜಿನ ಗೋಡೆಯ ಮೇಲಿನ ಫೋಟೊದಲ್ಲಿ ನನ್ನ ಕೈಯಲ್ಲಿದ್ದದ್ದು, ಆರು ವರ್ಷಗಳಿಂದ ನಾನು ನನ್ನದೆಂದು ತೋರಿಸುತ್ತ ಬಂದದ್ದು — ಅದು ಹೊನ್ನೂರಿನ ಮಹದೇವಿಯದು. ನನ್ನ ವಿದ್ಯಾರ್ಥಿನಿ. ಇದನ್ನು ಬರೆಯುವಾಗ ತಲೆ ತಗ್ಗಬೇಕು, ತಗ್ಗಿದೆ. ಆದರೂ ಮನಸ್ಸಿನೊಳಗೆ ಒಂದು ಹಿಗ್ಗು ಕೂತಿದೆ. ಅದನ್ನೂ ಮುಚ್ಚಿಡಬಾರದು.

ನಾನು ಯಳಂದೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು. ಅವತ್ತು ಇನ್ಸುಲಿನ್ ಪಾಠ. ಅದೊಂದು ಪುಟ್ಟ ಪ್ರೋಟೀನು. ಎರಡು ಮಣಿಸರಗಳನ್ನು ಒಂದಕ್ಕೊಂದು ಹೆಣೆದು, ಮಡಿಸಿ ಉಂಡೆ ಮಾಡಿದಂತೆ ಇರುತ್ತದೆ. ರಕ್ತದಲ್ಲಿ ತೇಲಿ ಬಂದು ಜೀವಕೋಶದ ಮೈಮೇಲಿರುವ ಗ್ರಾಹಕಕ್ಕೆ, ಅಂದರೆ ರಿಸೆಪ್ಟರಿಗೆ, ಅಂಟಿಕೊಳ್ಳುತ್ತದೆ, ಆಗ ಕೋಶ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೀಗಕ್ಕೆ ಕೀಲಿ ಕೂತ ಹಾಗೆ ಎಂದು ಹೇಳಿ ಪುಸ್ತಕ ಮುಚ್ಚಿದೆ. ಎಷ್ಟೋ ವರ್ಷಗಳಿಂದ ಹಾಗೇ ಮುಚ್ಚುತ್ತಿದ್ದೆ.

ಮಹದೇವಿ ಎದ್ದು ನಿಂತಳು. ಅವಳ ಅಜ್ಜಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚುತ್ತಿದ್ದವಳು ಇವಳೇ.

"ಮಿಸ್, ಅದು ಈಚೆನೇ ನಿಂತ್ಕಂಡ್ರೆ ಒಳಗಡೆಗೆ ಎಂಗೆ ಗೊತ್ತಾಯ್ತದೆ? ಆ ಬೀಗನೂ ಅಳ್ಳಾಡ್ಬೇಕಲ್ವಾ?"

ಕೂತುಕೋ ಎಂದೆ. ನನಗೆ ಉತ್ತರ ಗೊತ್ತಿರಲಿಲ್ಲ — ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

ವಾರ ಕಳೆದ ಮೇಲೆ ವಿಜ್ಞಾನ ಪ್ರದರ್ಶನಕ್ಕೆಂದು ಅವಳು ಒಂದು ಮಾದರಿ ಮಾಡಿಕೊಂಡು ಬಂದಳು. ಒಂದು ದಪ್ಪ ರಟ್ಟು, ಅದೇ ಕೋಶದ ಪೊರೆ. ರಟ್ಟಿನ ತೂತುಗಳಲ್ಲಿ ಹಳೆಯ ಛತ್ರಿಯ ಎರಡು ಕಡ್ಡಿ, ಅರ್ಧ ಮೇಲೆ, ಅರ್ಧ ಕೆಳಗೆ. ಬಟ್ಟೆಯ ಉಂಡೆಗೆ ಮಣಿಸರ ಸುತ್ತಿ ಇನ್ಸುಲಿನ್ ಮಾಡಿದ್ದಳು. ಉಂಡೆಯನ್ನು ಮೇಲಿನ ತುದಿಗಳ ನಡುವೆ ಕೂರಿಸಿದರೆ ಅವು ಅಗಲವಾಗುತ್ತಿದ್ದವು, ಕೆಳಗಿನ ತುದಿಗಳು ಹತ್ತಿರ ಬಂದು ಮುಟ್ಟುತ್ತಿದ್ದವು, ಅಲ್ಲಿ ಕಟ್ಟಿದ್ದ ಟಾರ್ಚಿನ ಬಲ್ಬು ಹತ್ತುತ್ತಿತ್ತು.

ನಾನು ಇಡೀ ತರಗತಿಯ ಎದುರು ಹೇಳಿದೆ: "ಬೀಗ ಎಲ್ಲಾದರೂ ಬಾಗುತ್ತೇನಮ್ಮ? ಪುಸ್ತಕದಲ್ಲಿ ಇರೋದನ್ನ ಮಾಡ್ಕೊಂಡು ಬಾ."

ಮಕ್ಕಳು ನಕ್ಕರು. ಅವಳು ಮಾದರಿಯನ್ನು ಮೇಜಿನ ಮೇಲೇ ಬಿಟ್ಟು ಹೋದಳು. ಪ್ರದರ್ಶನಕ್ಕೆ ಹೆಸರು ಕೊಡಲಿಲ್ಲ.

ಆ ಭಾನುವಾರ ಮನಸ್ಸು ತಡೆಯದೆ ಓದಲು ಕೂತೆ. ಮಹದೇವಿ ಹೇಳಿದ್ದೇ ನಿಜ. ಇನ್ಸುಲಿನ್ನಿನ ಗ್ರಾಹಕ ಒಂದೇ ಥರದ ಎರಡು ಭಾಗ ಸೇರಿ ಆದದ್ದು. ಇನ್ಸುಲಿನ್ ಬಂದು ಕೂತರೆ ಅದರ ಆಕಾರವೇ ಹೊರಳುತ್ತದೆ. ಹೊರಗೆ ತೋಳುಗಳು ಚಾಚಿಕೊಳ್ಳುತ್ತವೆ, ಒಳಗೆ ಕಾಲುಗಳು ಹತ್ತಿರವಾಗಿ ಒಂದನ್ನೊಂದು ಎಬ್ಬಿಸುತ್ತವೆ. ಸುದ್ದಿ ಒಳಗೆ ಮುಟ್ಟುವುದು ಹಾಗೆ. ಓದುತ್ತ ಓದುತ್ತ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಖುಷಿ. ಹದಿನೇಳರ ಹುಡುಗಿ ಬರೀ ಯೋಚಿಸಿ ಇದನ್ನು ಕಂಡುಕೊಂಡಳಲ್ಲ ಎಂದು ಒಬ್ಬಳೇ ನಕ್ಕೆ. ಸೋಮವಾರ ತರಗತಿಗೆ ಹೋದೆ — ಮುಂದಿನ ಪಾಠ ಶುರು ಮಾಡಿದೆ.

ಮರುವರ್ಷ, ಅವಳು ಕಾಲೇಜು ಬಿಟ್ಟ ಮೇಲೆ, ಬೀರುವಿನಲ್ಲಿದ್ದ ಮಾದರಿಯನ್ನು ಕೊಳ್ಳೇಗಾಲದ ತರಬೇತಿಗೆ ಒಯ್ದೆ. ಬಲ್ಬು ಹತ್ತಿದ ಕೂಡಲೇ ಎಲ್ಲರ ಮುಖವೂ ಅರಳಿತು. ಯಾರು ಮಾಡಿದ್ದು ಮೇಡಂ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ನಾನೇ ಮಾಡಿದ್ದು."

ಅಷ್ಟೇ ಮಾತು. ಯಾರೂ ಬಲವಂತ ಮಾಡಿರಲಿಲ್ಲ.

ಹೋದ ತಿಂಗಳು ಫೋನು ಬಂತು. ಮಹದೇವಿ ಈಗ ಹನೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಇನ್ಸುಲಿನ್ ಎಂದರೆ ಜನ ಹೆದರುತ್ತಾರೆ, ಅದು ಮೈಯೊಳಗೆ ಹೋಗಿ ಏನು ಮಾಡುತ್ತದೋ ಅನ್ನುತ್ತಾರೆ, ತನ್ನ ಹಳೆಯ ಮಾದರಿ ಇದ್ದರೆ ಅವರಿಗೆ ತೋರಿಸಬಹುದಿತ್ತು ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಯಾರ ಕೈಲಾದರೂ ಕಳಿಸಿ ಸುಮ್ಮನಾಗಬಹುದಿತ್ತು. ಹಾಗೆಂದು ಎರಡು ದಿನ ಯೋಚಿಸಿದೆ ಕೂಡ. ಮೂರನೆಯ ದಿನ ರಜೆ ಹಾಕಿ, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ, ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ಹನೂರಿಗೆ ಹೋದೆ.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಭಾನುವಾರ ಓದಿದ್ದು, ಸೋಮವಾರ ಬಾಯಿ ಬಿಡದೇ ಇದ್ದದ್ದು, ಕೊಳ್ಳೇಗಾಲ, ಚಪ್ಪಾಳೆ, ಫೋಟೊ. ಅವಳು ಉಂಡೆಯ ಮೇಲೆ ಸಡಿಲವಾಗಿದ್ದ ಮಣಿಸರವನ್ನು ಎಳೆದು ಬಿಗಿಮಾಡಿದಳು.

"ಫೋಟೊ ಬುಡಿ ಮಿಸ್. ನಾನ್ ಯೋಳಿದ್ದು ಸರಿ ಅಂತ ಒಂದ್ ಮಾತು ಯೋಳಿದ್ರೆ ಸಾಕಾಗಿತ್ತು. ನಂಗೆ ತಲೆನೇ ಇಲ್ಲ ಅಂದ್ಕಂಡಿದ್ದೆ."

ನಾನು ಮಾದರಿಯನ್ನು ಅವಳ ತೊಡೆಯ ಮೇಲೆ ಇಟ್ಟೆ.

ಆಮೇಲೆ ಅವಳೇ ಕೇಳಿದಳು: "ಬಲ್ಬು ಅತ್ತಿದಾಗ ಎಲ್ರೂ ಏನಂದ್ರು?" ನಾನು ಹೇಳಿದೆ. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದ್ದು, ಒಬ್ಬರು ರಟ್ಟಿನ ಕೆಳಗೆ ಬಗ್ಗಿ ಇಣುಕಿದ್ದು — ಅವಳ ಮುಖ ನಿಧಾನವಾಗಿ ಬೆಳಗಿತು. ಕೊನೆಗೆ ಇಬ್ಬರೂ ನಗುತ್ತಿದ್ದೆವು, ಕಣ್ಣೊರೆಸಿಕೊಂಡು.

ಒಳಗೆ ಹತ್ತಾರು ಜನ ಕಾಯುತ್ತಿದ್ದರು. ಇದನ್ನು ಯೋಚಿಸಿ ಮಾಡಿದವಳು ಈ ಸಿಸ್ಟರೇ, ಅವಳಿಗೆ ಪಾಠ ಹೇಳಿದ ನಾನೇ ಇದನ್ನು ತಪ್ಪೆಂದಿದ್ದೆ, ಆಮೇಲೆ ನನ್ನದೆಂದಿದ್ದೆ ಎಂದು ಅವರೆದುರು ಹೇಳಿದೆ. ಅವರಿಗೆ ನನ್ನ ತಪ್ಪಿಗಿಂತ ಬಲ್ಬಿನ ಮೇಲೇ ಗಮನ. ಸೂಜಿ ಬೇಡವೆಂದು ಹಟ ಹಿಡಿದಿದ್ದ ಒಬ್ಬ ಅಜ್ಜ ಉಂಡೆಯನ್ನು ತಾನೇ ಕೂರಿಸಿ, ತೆಗೆದು, ಮತ್ತೆ ಕೂರಿಸಿ ನೋಡಿದ.

"ಬಾಗ್ಲಲ್ಲೇ ನಿಂತ್ಕಂಡು ಒಳಗಿರೋರ್ನ ಕೂಗ್ತದೆ ಅನ್ನವ್ವ," ಎಂದು ಮಹದೇವಿಗೆ ಹೇಳಿ ತೋಳು ಮುಂದೆ ಚಾಚಿದ.

ಅಷ್ಟು ಚೆನ್ನಾಗಿ ನಾನು ಒಂದು ದಿನವೂ ಆ ಪಾಠ ಹೇಳಿರಲಿಲ್ಲ.

ಗೋಡೆಯ ಫೋಟೊ ತೆಗೆಸಿದ್ದೇನೆ. ತರಬೇತಿಯಲ್ಲಿ ಸಿಕ್ಕಿದ್ದ ಅಧ್ಯಾಪಕರಿಗೆಲ್ಲ ನಿಜ ಬರೆದು ಕಳಿಸಿದ್ದೇನೆ. ಇಬ್ಬರು ಉತ್ತರ ಕೊಟ್ಟಿಲ್ಲ, ಕೊಡದಿದ್ದರೆ ಅದು ಅವರ ಹಕ್ಕು. ಮೊನ್ನೆ ಮಹದೇವಿ ನಮ್ಮ ಕಾಲೇಜಿಗೆ ಬಂದು ಪಾಠ ಮಾಡಿದಳು, ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಮುಗಿದ ಮೇಲೆ ಒಬ್ಬ ಹುಡುಗಿ ನನ್ನ ಕಡೆ ತಿರುಗಿ, ಅಂಟಿಕೊಂಡ ಇನ್ಸುಲಿನ್ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು.

"ನನಗೆ ಸರಿಯಾಗಿ ಗೊತ್ತಿಲ್ಲ ಕಣಮ್ಮ," ಎಂದೆ. "ನಾಳೆ ಇಬ್ಬರೂ ಓದ್ಕೊಂಡು ಬರೋಣ."

ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಅದರ ಕೆಳಗೆ ಆ ಹುಡುಗಿಯ ಹೆಸರು ಬರೆದೆ.