ಶಿಲ್‌ಫಾಟಾ ದಾಟಿ ಬಂದ ರಕ್ತ

ಮಹಾಪೆಯ ಪ್ರಯೋಗಶಾಲೆಯೊಂದರಲ್ಲಿ ರಕ್ತದ ಮಾದರಿಗಳನ್ನು ಪರೀಕ್ಷೆಗೆ ಸಿದ್ಧಪಡಿಸುವುದು ನನ್ನ ಕೆಲಸವಾಗಿತ್ತು. ನಮ್ಮ ಮುಖ್ಯಸ್ಥರು ಬೆಂಗಳೂರಿನವರು. ಅವರು ನಮ್ಮ ಮೇಜಿನ ಹತ್ತಿರ ಬರುತ್ತಿದ್ದುದು ಫೋಟೋ ತೆಗೆಸಿಕೊಳ್ಳಲು ಮಾತ್ರ. ‘ಸಿಸ್ಟಮ್ಸ್ ಬಯಾಲಜಿ’ ಎಂಬ ಮಾತನ್ನು ಬಾಯಲ್ಲಿ ಪೇಡಾ ಇಟ್ಟುಕೊಂಡವರಂತೆ ಚಪ್ಪರಿಸಿ ಹೇಳುತ್ತಿದ್ದರು.

ವಿದ್ಯೆಯೇನೋ ಒಳ್ಳೆಯದೇ. ರೋಗಾಣುವೊಂದನ್ನೇ ದಿಟ್ಟಿಸುವ ಬದಲು, ಅದು ಹೊಕ್ಕ ಮೈಯಲ್ಲಿ ಸಾವಿರಾರು ಜೀನ್‌ಗಳು ಹೇಗೆ ಒಂದಕ್ಕೊಂದು ಓಗೊಡುತ್ತವೆ ಎಂದು ಅಳೆದು, ಕಂಪ್ಯೂಟರಿನಲ್ಲಿ ‘ಮಾಡೆಲ್’ ಎಂಬ ಜಾಲವಾಗಿ ಹೆಣೆದು ನೋಡುವುದು. ಆದರೆ ಅಳೆಯುವ ವಸ್ತು ಸರಿಯಿರಬೇಕಲ್ಲ?

ನಾವು ಅಳೆಯುತ್ತಿದ್ದುದು ಕ್ಷಯವನ್ನು. ರೋಗಿಗಳ ರಕ್ತ ಕಲ್ಯಾಣದ ಒಂದು ದವಾಖಾನೆಯಿಂದ ಬರುತ್ತಿತ್ತು. ಹೋಲಿಸಲು ಬೇಕಾದ ಆರೋಗ್ಯವಂತರ ರಕ್ತ ಎದುರಿನ ಕಂಪನಿಗಳ ನೌಕರರದ್ದು, ರಸ್ತೆ ದಾಟಿದರೆ ಸಾಕು. ಕಲ್ಯಾಣದಲ್ಲಿ ಬೆಳಿಗ್ಗೆ ಹೊರಟ ರಕ್ತ ದಾರಿಯಲ್ಲಿನ ಶಿಲ್‌ಫಾಟಾ ಕೂಡುರಸ್ತೆಯ ಟ್ರಾಫಿಕ್ಕಿನಲ್ಲಿ ಬೆಂದು ಮಧ್ಯಾಹ್ನ ತಲುಪುತ್ತಿತ್ತು. ಕೊಳವೆಯೊಳಗೂ ಜೀವಕೋಶಗಳು ಬದುಕಿರುತ್ತವೆ. ಗಂಟೆಗಟ್ಟಲೆ ಸೆಕೆಯಲ್ಲಿಟ್ಟರೆ ಅವುಗಳ ಜೀನ್‌ಗಳ ವರ್ತನೆಯೇ ಬದಲಾಗುತ್ತದೆ.

‘ಸರ್, ಎರಡೂ ಕಡೆಯದ್ದನ್ನು ಒಂದೇ ರೀತಿ ತರಿಸುವ. ರಕ್ತ ಕೆಡದ ಕೊಳವೆಗಳೂ ಸಿಗ್ತವೆ’ ಎಂದೆ.

‘ಅದೆಲ್ಲ ಚಿಲ್ಲರೆ ವಿಷಯ ಕಣಮ್ಮಾ. ಮಾಡೆಲ್ ಎಲ್ಲಾ ನೋಡ್ಕೊಳತ್ತೆ.’

ಮಾಡೆಲ್ ನೋಡಿಕೊಂಡಿತು. ಕೆಲವೇ ತಿಂಗಳಲ್ಲಿ ರೋಗಿಗಳನ್ನು ಆರೋಗ್ಯವಂತರಿಂದ ಗೆರೆ ಕೊರೆದಂತೆ ಬೇರ್ಪಡಿಸುವ ಜೀನ್‌ಗಳ ಗುಂಪೊಂದು ಸಿಕ್ಕಿತು. ಆ ಜೀನ್‌ಗಳ ಜಾಲದ, ಕೆಂಪು ಜೇಡರಬಲೆಯಂಥ ಚಿತ್ರಕ್ಕೆ ಅವರು ಕಟ್ಟು ಹಾಕಿಸಿ ಕ್ಯಾಬಿನ್ನಿನಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ತೋರಿಸುವಾಗ ಅವರ ದನಿ ಮಂಗಳಾರತಿಯ ಹೊತ್ತಿನ ಭಟ್ಟರದ್ದು.

ನನಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ನನ್ನದೇ ರಕ್ತ ತೆಗೆಸಿದೆ. ಅರ್ಧವನ್ನು ಕೂಡಲೇ ಸಿದ್ಧಪಡಿಸಿದೆ. ಉಳಿದರ್ಧವನ್ನು ಕಿಟಕಿಯ ಬಳಿ ಮಧ್ಯಾಹ್ನದವರೆಗೆ ಬಿಟ್ಟು ಆಮೇಲೆ ಸಿದ್ಧಪಡಿಸಿದೆ. ಮಾಡೆಲ್ಲಿನ ಫಲಿತಾಂಶ ಬಂದಾಗ, ಬೆಳಗಿನ ನಾನು ಆರೋಗ್ಯವಂತೆ, ಮಧ್ಯಾಹ್ನದ ನಾನು ಕ್ಷಯರೋಗಿ.

ಮುಖ್ಯಸ್ಥರು ಎರಡೂ ಹಾಳೆಗಳನ್ನು ನೋಡಿದರು. ಆಮೇಲೆ ಕರುಣೆಯಿಂದ, ‘ನೀನು ಯಾವುದಕ್ಕೂ ಒಂದು ಎಕ್ಸ್‌ರೇ ತೆಗೆಸ್ಕೊಂಬಿಡಮ್ಮ’ ಎಂದರು.

ತೆಗೆಸಿಕೊಂಡೆ, ನಮ್ಮ ಮನೆಯಿದ್ದ ಡೊಂಬಿವಲಿಯಲ್ಲಿ, ಹೆದರಿ ಜೊತೆಗೆ ಬಂದ ಅಮ್ಮನನ್ನು ಹೊರಗೆ ಕೂರಿಸಿ. ಎದೆ ಶುದ್ಧವಾಗಿತ್ತು. ಆ ಫಿಲ್ಮನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟು ಬಂದೆ. ಕೋಪಕ್ಕಿಂತ ಹೇಸಿಗೆಯೇ ಹೆಚ್ಚಾಗಿತ್ತು.

ಕಟ್ಟು ಹಾಕಿದ ಚಿತ್ರ ಸದ್ದಿಲ್ಲದೆ ಗೋಡೆಯಿಂದ ಇಳಿಯಿತು. ರಕ್ತ ಕೆಡದ ಕೊಳವೆಗಳು ಬಂದವು. ಮುಂದೆ ಸೀವುಡ್ಸ್ ಬಡಾವಣೆಯಲ್ಲಿ ನಡೆದ ಒಂದು ವಿಜ್ಞಾನಿಗಳ ಸಭೆಯಲ್ಲಿ ಮುಖ್ಯಸ್ಥರು, ಮಾದರಿ ಸಾಗಿಸುವಾಗ ವಹಿಸಬೇಕಾದ ಎಚ್ಚರದ ಬಗ್ಗೆ ಉಪನ್ಯಾಸ ಕೊಟ್ಟರು. ‘ನಾನು ಮೊದಲಿಂದ್ಲೂ ಹೇಳ್ತಾನೇ ಬಂದಿದೀನಿ’ ಎಂದು ಶುರುಮಾಡಿದರು. ಚಪ್ಪಾಳೆ ಬಿತ್ತು. ನಾನು ಕೈ ಕಟ್ಟಿಕೊಂಡು ಕೂತಿದ್ದೆ.

ಕೊಳವೆಗಳು ಬಂದ ಮೇಲೆ ರೋಗಿಗಳ ರಕ್ತವನ್ನಂತೂ ಮತ್ತೆ ಕೇಳಲೇಬೇಕಿತ್ತು. ರೋಗಿಗಳಲ್ಲಿ ಕನ್ನಡದವರೂ ಇದ್ದುದರಿಂದ, ಕನ್ನಡ ಬರುತ್ತದೆಂದು ಕಲ್ಯಾಣಕ್ಕೆ ನನ್ನನ್ನೇ ಕಳಿಸಿದರು. ಅಲ್ಲಿ ಕಲಬುರಗಿ ಕಡೆಯ ಒಬ್ಬ ಹೆಂಗಸು, ಕಟ್ಟಡದ ಕೆಲಸದವರು, ಔಷಧ ಶುರುಮಾಡುವ ಮೊದಲೇ ನಮಗೆ ರಕ್ತ ಕೊಟ್ಟಿದ್ದವರು, ಮಾತ್ರೆ ಪೊಟ್ಟಣ ಹಿಡಿದು ಕೂತಿದ್ದರು.

‘ಆಗ ಒಯ್ದಿದ್ದು ಏನ್ ಮಾಡಿದ್ರಿ?’

‘ಕೆಟ್ಟುಹೋಯ್ತು ಅಕ್ಕ.’

‘ನನ್ ರಕ್ತ ಅಷ್ಟ್ ಖರಾಬ್ ಅದ ಏನ್ರಿ?’

‘ನಿಮ್ದಲ್ಲ. ನಾವು ಕೆಡಿಸಿದ್ದು. ಇನ್ನೊಮ್ಮೆ ಬೇಕಿತ್ತು. ಮಾತ್ರೆ ಶುರುವಾದ ಮೇಲೆ ರಕ್ತ ಬದಲಾಗ್ತದೆ, ಅದಕ್ಕೆ ಈಗ ಮಾತ್ರೆ ತಗೊಳ್ಳುವವರದ್ದು ಬೇರೆಯಾಗಿ ನೋಡ್ತೇವೆ.’

ಅವರು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ನಮ್ಮ ಮುಖ್ಯಸ್ಥರಿಗೆ ಸಲ್ಲಬೇಕಾದ ನೋಟ ನನ್ನ ಪಾಲಿಗೆ ಬಂತು. ಆಮೇಲೆ ಸೀರೆಯ ಸೆರಗು ಸರಿಸಿ ತೋಳು ಚಾಚಿದರು.