ಮೊದಲು ಸೊಪ್ಪಿನ ಹೆಸರು

ಅಮ್ಮ ಮಲ್ಲೇಶ್ವರದ ಕ್ರಾಸುಗಳಲ್ಲಿ ಬುಟ್ಟಿ ಹೊತ್ತು ಸೊಪ್ಪು ಮಾರಿ ನನ್ನನ್ನು ಬಿ.ಎ. ಓದಿಸಿದಳು. ನಮ್ಮ ವಂಶದಲ್ಲಿ ಪದವಿ ಪಡೆದವನು ನಾನೇ ಮೊದಲು. ಹೇಳಿಕೊಳ್ಳಲು ಇವತ್ತಿಗೂ ಸಂಕೋಚವಿಲ್ಲ. ಬುಟ್ಟಿಯ ಹಿಂದೆ ನಡೆಯುತ್ತ ನಾನೂ ಬೀದಿಯಲ್ಲಿ ಕೂಗಿದವನೇ. ‘ನಮ್ ಹೆಸ್ರು ಯಾರಿಗ್ ಬೇಕೋ? ಮೊದ್ಲು ಸೊಪ್ಪಿನ ಹೆಸ್ರು ಹೇಳು. ಒಳಗಿರೋರು ಕೈ ಒರೆಸ್ಕೊಂಡು ಬರೋದ್ರೊಳಗೆ ನಾವು ಮುಂದಕ್ಕೆ ಹೋಗಿರ್ತೀವಿ’ ಎನ್ನುತ್ತಿದ್ದಳು ಅಮ್ಮ. ಡಿಗ್ರಿ ಕೈಗೆ ಬಂದ ದಿನ, ಇನ್ನು ಬೀದಿಯಲ್ಲಿ ಕೂಗುವುದು ಮುಗಿಯಿತು ಎಂದುಕೊಂಡೆ. ಅವಳೂ ದೇವರಲ್ಲಿ ಅದನ್ನೇ ಕೇಳಿಕೊಂಡಿದ್ದಳು.

ತೊಂಬತ್ತರ ದಶಕದ ಆರಂಭದಲ್ಲಿ ಸರ್ಕಾರದ ಪ್ರಚಾರ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಮೈಕು ಕಟ್ಟಿದ ವ್ಯಾನು ಬಡಾವಣೆಗಳನ್ನು ಸುತ್ತುವಾಗ ಓದುವ ಪ್ರಕಟಣೆಗಳನ್ನು ಬರೆಯಬೇಕು. ಪೋಲಿಯೊ ಹನಿ, ರೇಷನ್ ಕಾರ್ಡು, ಕರೆಂಟು ಇಲ್ಲದ ದಿನ. ಅಮ್ಮನ ಪಾಠವನ್ನೇ ಅಲ್ಲಿ ನಡೆಸಿದೆ: ವಿಷಯ ಮೊದಲು, ಸರ್ಕಾರ ಕೊನೆಗೆ. ವ್ಯಾನು ಶ್ರೀರಾಂಪುರದ ನಮ್ಮ ಗಲ್ಲಿಗೆ ಬಂದರೆ ಅಮ್ಮ ಬೀದಿ ನಲ್ಲಿಯ ಹತ್ತಿರ ನಿಂತು, ಕೊಡ ಹಿಡಿದ ಹೆಂಗಸರನ್ನೆಲ್ಲ ಸುಮ್ಮನಿರಿಸುತ್ತಿದ್ದಳು. ‘ನನ್ ಮಗ ಬರ್ದಿರೋದು, ಕೇಳ್ರೇ.’

ಕೆಲವು ವರ್ಷಗಳ ಮೇಲೆ ನಮ್ಮ ಇಲಾಖೆಯ ಸಚಿವರ ಪಕ್ಷದವರು ತಮಗೆ ಬೇಕಾದ ಅಧಿಕಾರಿಯನ್ನು ನಮ್ಮ ಕಚೇರಿಗೆ ಹಾಕಿಸಿಕೊಂಡರು. ವ್ಯಾನಿನ ಎರಡೂ ಬದಿಗೆ ಸಚಿವರ ಮುಖ ಬಂತು. ಯಾವ ಪ್ರಕಟಣೆಯಾದರೂ ಅವರ ಹೆಸರು, ಬಿರುದು, ಸಾಧನೆಗಳಿಂದಲೇ ಶುರುವಾಗಬೇಕು ಎಂದು ಆದೇಶವಾಯಿತು. ಹೊಗಳಿಕೆಯ ಸಾಲುಗಳು ಪಕ್ಷದ ಕಚೇರಿಯಿಂದಲೇ ಬರುತ್ತಿದ್ದವು. ಗಲ್ಲಿಗಳು ಚಿಕ್ಕವು, ವಿಷಯಕ್ಕೆ ಬರುವಷ್ಟರಲ್ಲಿ ವ್ಯಾನು ತಿರುವು ದಾಟಿರುತ್ತದೆ ಎಂದು ಅಧಿಕಾರಿಗೆ ಹೇಳಿದೆ. ಅವರು ನಕ್ಕರು. ‘ನಿಮ್ಗೆ ಸಂಬಳ ಕೊಡೋದು ಯಾರ್ರೀ, ಗಲ್ಲಿಯೋರಾ?’

ಅಮ್ಮ ಕೆಲವು ತಿಂಗಳು ಕಾದಳು. ನಿನ್ನದು ಯಾವಾಗ ಬರುತ್ತೋ ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಮೈಕಿನ ಸದ್ದು ಬಂದರೆ ಓಟಿನ ಗಾಡಿ ಬಂತು ಎಂದು ಗಲ್ಲಿಯವರೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದರು, ಅವಳೂ ಹಾಕಿಕೊಂಡಳು.

ಒಂದು ಬೇಸಿಗೆಯಲ್ಲಿ ನಮ್ಮ ಕಡೆಯ ನೀರಿನ ಪೈಪಿಗೆ ಚರಂಡಿ ಸೇರಿತು. ಸುದ್ದಿ ಕಚೇರಿಗೆ ಬಂದಾಗ ನಾನು ಮನೆಯಿಂದ ಹೊರಟು ಬಂದಾಗಿತ್ತು, ಮನೆಯಲ್ಲಿ ಫೋನಿರಲಿಲ್ಲ. ‘ನಲ್ಲಿ ನೀರು ಕುಡಿಯಬೇಡಿ’ ಎಂಬುದನ್ನೇ ಮೊದಲ ಸಾಲು ಮಾಡಿ ಬರೆದು ಒಯ್ದೆ. ಅಧಿಕಾರಿ ಅದರ ಮೇಲೆ ಹೊಗಳಿಕೆಯ ಪುಟ ಇಟ್ಟು ವ್ಯಾನಿಗೆ ಕಳಿಸಿದರು. ನನ್ನನ್ನು ಅಲ್ಲಿಂದಲೇ ಸಚಿವರ ಸಮಾರಂಭವೊಂದಕ್ಕೆ ತುಮಕೂರಿಗೆ ಕಳಿಸಿದರು.

ಮರುದಿನ ಸಂಜೆ ಬಂದು ನೋಡಿದರೆ ಅಮ್ಮ ಬಚ್ಚಲ ಬಾಗಿಲಲ್ಲಿ ಕುಸಿದಿದ್ದಳು. ತುಟಿ ಒಣಗಿ ಬಿಳಿಚಿತ್ತು. ಆಸ್ಪತ್ರೆಗೆ ಸೇರಿಸಿ, ಗಂಡನ ಮನೆಯಲ್ಲಿದ್ದ ಅಕ್ಕನನ್ನು ಕರೆಸಿ ಪಕ್ಕದಲ್ಲಿ ಕೂರಿಸಿ ಗಲ್ಲಿಗೆ ವಾಪಸು ಬಂದೆ. ನಲ್ಲಿಯಲ್ಲಿ ಆಗಷ್ಟೇ ನೀರು ಬಿಟ್ಟಿದ್ದರು. ಕೊಡಗಳು ಸಾಲಾಗಿ ನಿಂತಿದ್ದವು. ವ್ಯಾನು ಬಂದು ಹೋಗಿತ್ತಂತೆ, ಏನು ಹೇಳಿತೆಂದು ಯಾರಿಗೂ ಗೊತ್ತಿರಲಿಲ್ಲ.

ಆಫೀಸಿನ ಇಸ್ತ್ರಿ ಅಂಗಿಯಲ್ಲೇ, ಸೊಪ್ಪಿನ ಅದೇ ರಾಗದಲ್ಲಿ, ಗಲ್ಲಿಯ ಈ ತುದಿಯಿಂದ ಆ ತುದಿಗೆ ಕೂಗುತ್ತ ನಡೆದೆ. ‘ನೀರೂ... ನಲ್ಲಿ ನೀರೂ... ಕುಡೀಬೇಡ್ರಮ್ಮೋ.’ ಒಂದೊಂದೇ ಬಾಗಿಲು ತೆರೆಯಿತು. ಹೆಂಗಸರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

ಅಮ್ಮ ಬದುಕಿದಳು, ಬುಟ್ಟಿ ಹೊರುವ ಶಕ್ತಿ ಮಾತ್ರ ಮರಳಲಿಲ್ಲ. ವ್ಯಾನು ಮೊದಲಿನಂತೆಯೇ ಸುತ್ತುತ್ತಿತ್ತು. ಅಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮನೆಯಾಕೆ ಬಂದು, ನಿನ್ನ ಮಗ ಬೀದಿ ತುಂಬ ಕೂಗಿದ್ದಕ್ಕೆ ನಮ್ಮ ಮಕ್ಕಳು ಉಳಿದವು ಎಂದು ಹೊಗಳಿದಳು. ಅಮ್ಮನ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವಳು ಗೋಡೆಯ ಕಡೆ ತಿರುಗಿದಳು.

‘ನೀನ್ ಕೂಗ್ಬಾರ್ದು ಅಂತಾನೇ ಅಲ್ವೇನೋ, ನಾನ್ ಅಷ್ಟ್ ವರ್ಷ ಕೂಗಿದ್ದು’ ಎಂದಳು.