ಹೊಲಿಗೆ ಮಿಷನ್ ಕಿತ್ತ ಹಲ್ಲು

ಟೈಲರಮ್ಮನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಆಕೆ ಕಿಲಕಿಲಕ್ಕ. ಅಳತೆ ತೆಗೆಯುವಾಗ ನಗು, ಸೂಜಿ ಮುರಿದರೆ ನಗು, ಗಿರಾಕಿಯ ಪ್ಯಾಂಟಿನ ಒಂದು ಕಾಲು ಗಿಡ್ಡವಾದರಂತೂ ಕೇಳಲೇಬೇಡಿ! ಬೈಯಲು ಬಂದವನೂ ಅವಳ ಜೊತೆ ನಕ್ಕು ಅದನ್ನೇ ಹಾಕಿಕೊಂಡು ಹೋಗುತ್ತಿದ್ದ. ಅದೇ ಅಂಗಡಿಯ ಮೂಲೆಯಲ್ಲಿ ಇಸ್ತ್ರಿ ಉಜ್ಜುವ ಗಂಡ ಮಾತ್ರ ಮಹಾ ಪುಕ್ಕಲ. ನಾಲ್ಕು ಜನರೆದುರು ಬಾಯಿ ಬಿಡಬೇಕೆಂದರೆ ಬೆವರಿ ನೀರಾಗುವ ಆಸಾಮಿ.

ಅಂಥ ಕಿಲಕಿಲಕ್ಕ ಒಂದು ದಿನ ನಗಲು ಬಾಯಿ ತೆರೆದು "ಅಯ್ಯಮ್ಮಾ!" ಎಂದು ಎಡಪಕ್ಕೆ ಹಿಡಿದುಕೊಂಡಳು. ಹತ್ತು ದಿನದಿಂದ ಚಳಿಜ್ವರ ಬಂದು ಹೋಗುತ್ತಿತ್ತು. ಎಡಭುಜವೂ ನೋಯುತ್ತಿತ್ತು, ಬಗ್ಗಿ ಹೊಲಿದದ್ದಕ್ಕೆಂದು ಎಣ್ಣೆ ತಿಕ್ಕಿಸಿಕೊಂಡದ್ದೇ ಬಂತು. ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ಎಡಗಡೆಯ ಪಕ್ಕೆಲುಬಿನ ಮೇಲೆ ಬೆರಳಿಟ್ಟರು.

"ಇದರೊಳಗೆ ಗುಲ್ಮ ಅಂತ ಒಂದಿದೆ ಕಣಮ್ಮ, ರಕ್ತ ಸೋಸೋ ಅಂಗ. ಅದರಲ್ಲಿ ಕೀವು ತುಂಬಿದೆ. ಭುಜದ ನೋವೂ ಅದರದ್ದೇ."

"ಇಷ್ಟು ವರ್ಷ ನನ್ನೊಳಗಿದ್ದೂ ಒಂದು ಮಾತಾಡ್ಲಿಲ್ವಲ್ಲ, ನಮ್ಮ ಯಜಮಾನ್ರ ಥರಾನೇ!" ಎಂದು ನಕ್ಕಳು, ನೋವಿಗೆ ಅತ್ತಳು, ಅತ್ತದ್ದಕ್ಕೆ ಮತ್ತೆ ನಕ್ಕಳು.

ಸ್ಕ್ಯಾನ್‌ನಲ್ಲಿ ನೋಡುತ್ತಲೇ ಸೂಜಿ ಚುಚ್ಚಿ, ಸಣ್ಣ ಕೊಳವೆ ಇಟ್ಟು ಕೀವನ್ನು ಹೊರಗಿನ ಚೀಲಕ್ಕೆ ಬಸಿದರು. ಯಾವ ರೋಗಾಣು ಎಂದು ಪರೀಕ್ಷಿಸಿ ಅದಕ್ಕೆ ತಕ್ಕ ಔಷಧಿಯನ್ನು ನರದ ಮೂಲಕ ಹರಿಸಿದರು. ಜ್ವರ ಇಳಿಯಿತು. ನಾಲ್ಕನೆಯ ದಿನ ಮತ್ತೆ ಏರಿತು.

"ರೋಗಾಣು ಎಲ್ಲಿಂದಲೋ ಇನ್ನೂ ರಕ್ತಕ್ಕೆ ಸೇರ್ತಾ ಇದೆ," ಎಂದರು ಡಾಕ್ಟರಮ್ಮ. "ಹೃದಯ ನೋಡಿದ್ವಿ, ಚೆನ್ನಾಗಿದೆ. ಗಾಯ, ಹುಣ್ಣು, ಹಲ್ಲುನೋವು ಏನಾದ್ರೂ ಇತ್ತಾ? ಮೂಲ ಸಿಗದಿದ್ರೆ ಗುಲ್ಮಾನೇ ತೆಗೀಬೇಕಾಗಬಹುದು. ಈ ಸ್ಥಿತೀಲಿ ಆಪರೇಷನ್ ಅಂದ್ರೆ ಜೀವಕ್ಕೇ ಅಪಾಯ."

ಕಿಲಕಿಲಕ್ಕ ಗಂಡನತ್ತ ಓರೆಗಣ್ಣು ಹಾಯಿಸಿದಳು. ಇದ್ದದ್ದು ಹೇಳಿದರೆ ಎಲ್ಲರೆದುರು ಈ ಪುಕ್ಕಲ ಪ್ರಾಣಿಯನ್ನು ಝಾಡಿಸುತ್ತಾರಲ್ಲ, ಪಾಪ!

"ಏನೂ ಇರ್ಲಿಲ್ಲ ಡಾಕ್ಟ್ರೇ."

ಬಾಗಿಲ ಬಳಿ ಬೆವರುತ್ತಿದ್ದ ಗಂಡ ಇದ್ದಕ್ಕಿದ್ದಂತೆ, "ನಾನೇ ತುಳಿದಿದ್ದು!" ಎಂದು ಗೋಳೋ ಎಂದ.

"ಏನ್ ತುಳಿದ್ರಿ?"

"ಹೊಲಿಗೆ ಮಿಷನ್ನು! ಇವಳ ದವಡೆಹಲ್ಲು ಹುಳುಕಾಗಿತ್ತು, ಡಾಕ್ಟರ ಹತ್ರ ಹೋಗೋಕೆ ಹೆದರಿಕೆ. ಹಲ್ಲಿಗೆ ದಪ್ಪ ದಾರ ಕಟ್ಟಿ, ಇನ್ನೊಂದು ತುದೀನ ಚಕ್ರಕ್ಕೆ ಸುತ್ತಿ, ತುಳೀರಿ ಅಂದ್ಲು. ಕಣ್ಮುಚ್ಚಿ ತುಳಿದೆ. ಅರ್ಧ ಹಲ್ಲು ಹಾರಿ ಗೋಡೆಗೆ ಬಡೀತು!"

ಮೊದಲು ನರ್ಸಮ್ಮ ಕಿಸಕ್ಕೆಂದಳು. ಡಾಕ್ಟರಮ್ಮನ ಭುಜ ಕುಲುಕಾಡಿತು. ಕಿಲಕಿಲಕ್ಕನಂತೂ ಕೊಳವೆ ಹಿಡಿದುಕೊಂಡು, "ಅಯ್ಯೋ, ನಗಿಸ್ಬೇಡ್ರೀ, ಸತ್ತೋಗ್ತೀನಿ!" ಎಂದು ಮಂಚದ ಮೇಲೆ ಹೊರಳಾಡಿದಳು.

"ಇನ್ನರ್ಧ ಎಲ್ಲಿ?" ಡಾಕ್ಟರಮ್ಮ ಅವಳ ಬಾಯೊಳಗೆ ಟಾರ್ಚ್ ಬಿಟ್ಟರು. ರಕ್ತಕ್ಕೆ ರೋಗಾಣು ಬಿಡುತ್ತ ದವಡೆಯಲ್ಲೇ ಕೊಳೆಯುತ್ತ ಕೂತಿತ್ತು. ಅಂದೇ ಹಲ್ಲಿನ ಡಾಕ್ಟರು ಬಂದು ಕಿತ್ತರು. ಮೂರು ದಿನಕ್ಕೆ ಜ್ವರ ಬಿಟ್ಟಿತು, ಕೆಲವು ದಿನಕ್ಕೆ ಕೀವು ನಿಂತು ಕೊಳವೆಯನ್ನೂ ತೆಗೆದರು. ಔಷಧಿ ವಾರಗಟ್ಟಲೆ ನಡೆಯಿತು, ಗುಲ್ಮ ಉಳಿಯಿತು.

ಮನೆಗೆ ಹೊರಟ ದಿನ ಬೀದಿಯಲ್ಲಿ ಅವಳು ಕೀಟಲೆಗಿಳಿದಳು. "ಅಷ್ಟು ಜನರ ಮುಂದೆ ಯಾಕ್ರೀ ಬಾಯಿಬಿಟ್ರಿ? ಮಾನ ಹೋಯ್ತಲ್ಲ ನಿಮ್ದು!"

"ಹೋದ್ರೆ ಹೋಗ್ಲಿ ಕಣೇ," ಎಂದ ಅವನು ನೆಲ ನೋಡುತ್ತ. "ನೀನಿಲ್ದೆ ಅಂಗಡೀಲಿ ಒಬ್ಬನೇ ಇಸ್ತ್ರಿ ಉಜ್ಜೋಕೆ ನನ್ ಕೈಲಿ ಆಗ್ತಿರ್ಲಿಲ್ಲ."

ಕಿಲಕಿಲಕ್ಕ ನಗಲು ಬಾಯಿ ತೆರೆದಳು, ನಗು ಬರಲಿಲ್ಲ. ಇಸ್ತ್ರಿ ಹಿಡಿದು ಜಡ್ಡುಗಟ್ಟಿದ ಅವನ ಕೈಯನ್ನು ಹಿಡಿದವಳು ಅಂಗಡಿ ಬರುವವರೆಗೂ ಬಿಡಲಿಲ್ಲ.